ಒಬ್ಬರೇ ಬಂಡೆ ಹತ್ತುವಾಗ ಸಾಮಾನು ಸೇದುವುದು ಹೇಗೆ?

ಬಾವಿಯಿಂದ ನೀರು ಸೇದಿ ಅಭ್ಯಾಸ ಇದ್ದವರಿಗೆ ಈ ಕೆಲಸ ಅರ್ಧ ಗೊತ್ತಿದ್ದ ಹಾಗೆಯೇ. ಮೇಲೊಂದು ರಾಟೆ, ಕೆಳಗೊಂದು ಭಾರ, ನಡುವೆ ಹಗ್ಗ. ಬಾವಿಯಲ್ಲಿ ಕೊಡ ಎಲ್ಲೋ ತಗುಲಿಕೊಂಡರೆ ಬಗ್ಗಿ ನೋಡಿ, ಹಗ್ಗ ಅಲ್ಲಾಡಿಸಿ ಬಿಡಿಸಬಹುದು. ಬಂಡೆಯ ನಡುವೆ ಒಬ್ಬರೇ ನೇತಾಡುತ್ತಿರುವಾಗ ಬ್ಯಾಗ್ ತಗುಲಿಕೊಂಡರೆ ಅದನ್ನು ಬಿಡಿಸಲು ನಾವೇ ಇಳಿಯಬೇಕು, ನಾವೇ ಮತ್ತೆ ಹತ್ತಬೇಕು.

ಹಗ್ಗದ ರಕ್ಷಣೆಯಲ್ಲಿ ಒಬ್ಬರೇ ಹತ್ತುವುದಕ್ಕೆ ರೋಪ್ ಸೋಲೋ ಅಂತಾರೆ. ಹಗ್ಗದ ಒಂದು ತುದಿ, ಬಂಡೆಯಲ್ಲಿ ಭದ್ರವಾಗಿ ಮಾಡಿಕೊಂಡ ಆಧಾರವಾದ ಕೆಳಗಿನ ಆಂಕರ್‌ಗೆ ಕಟ್ಟಿರುತ್ತದೆ. ಹತ್ತುವವರು ಸೊಂಟ, ತೊಡೆಗೆ ಬಿಗಿದುಕೊಂಡ ಪಟ್ಟಿಯಾದ ಹಾರ್ನೆಸ್‌ನಲ್ಲಿರುವ ಸಾಧನ ಹಗ್ಗ ಬಿಡುತ್ತಾ ಹೋಗುತ್ತದೆ, ಬಿದ್ದರೆ ಹಿಡಿಯುತ್ತದೆ. ಒಂದು ಪಿಚ್ (ಒಂದು ಆಂಕರ್‌ನಿಂದ ಮುಂದಿನದರವರೆಗಿನ ಹಂತ) ಮುಗಿದ ಮೇಲೆ ಹಗ್ಗವನ್ನು ಮೇಲೆ ಕಟ್ಟಿ, ಕೆಳಗಿಳಿದು, ರಕ್ಷಣೆಗೆ ಅಂತ ಬಂಡೆಗೆ ಹಾಕಿದ ಗೇರ್ ಎಲ್ಲ ಬಿಚ್ಚಿಕೊಂಡು ಪುನಃ ಹತ್ತಬೇಕು. ಅಮೆರಿಕದ ಯೊಸೆಮಿಟಿಯಲ್ಲಿ ಎಲ್ ಕ್ಯಾಪಿಟಾನ್ ಎಂಬ ಸುಮಾರು 900 ಮೀಟರ್‌ನ ಗೋಡೆ ಇದೆ. ಅದನ್ನು ಮೊದಲ ಬಾರಿ ಒಬ್ಬರೇ ಹತ್ತಿದವರು ರಾಯಲ್ ರಾಬಿನ್ಸ್, 1968ರಲ್ಲಿ, ಮ್ಯೂರ್ ವಾಲ್ ಮಾರ್ಗದಲ್ಲಿ. ಇಂಥ ಗೋಡೆಯಲ್ಲಿ ಲೆಕ್ಕ ಹಾಕಿ ನೋಡಿ: ಹತ್ತುವುದು 1800 ಮೀಟರ್, ಇಳಿಯುವುದು 900. ಸಾಮಾನು ಸೇದುವುದು ಬೇರೆ.

ಆ ಸಾಮಾನಿನಲ್ಲಿ ಜಾಸ್ತಿ ತೂಗುವುದು ನೀರು. ದೊಡ್ಡ ಗೋಡೆಗಳಲ್ಲಿ ದಿನಕ್ಕೆ ಸುಮಾರು 4 ಲೀಟರ್ ಇಟ್ಟುಕೊಳ್ಳುವುದು ರೂಢಿ. ಮೂರು ದಿನಕ್ಕೆ ನೀರೇ 12 ಕೆ.ಜಿ. ಮಲಗುವ ಸಾಮಾನು, ಊಟ, ಬಟ್ಟೆ ಸೇರಿದರೆ 30 ಕೆ.ಜಿ. ದಾಟುವುದು ಕಷ್ಟವೇನಲ್ಲ. ಬೆನ್ನಿಗೆ ಹಾಕಿಕೊಂಡು ಹತ್ತುವ ಮಾತೇ ಇಲ್ಲ.

ಇದು ಹೊಸಬರ ಆಟವಲ್ಲ. ಆಂಕರ್ ಕಟ್ಟುವುದು, ರ್‍ಯಾಪೆಲ್, ಅಂದರೆ ಹಗ್ಗದ ಮೇಲೆ ಇಳಿಯುವುದು, ಹಗ್ಗವನ್ನು ಕಚ್ಚಿ ಹಿಡಿಯುವ ಜುಮಾರ್‌ನಿಂದ ಹತ್ತುವುದು, ರೋಪ್ ಸೋಲೋ ಇವೆಲ್ಲ ಬೇರೆ ಬೇರೆಯಾಗಿ ಚೆನ್ನಾಗಿ ಬಂದಿರಬೇಕು. ಆಮೇಲೆ ಬಲ್ಲವರೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಚಿಕ್ಕ ಬಂಡೆಯಲ್ಲಿ ಕಲಿಯಿರಿ.

ಹೊರಡುವ ಮುಂಚೆ

ಬ್ಯಾಗ್ ಕೆಳಗಿನ ಆಂಕರ್‌ನಲ್ಲಿ ಹೇಗೆ ನೇತಾಡುತ್ತಿದೆ ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ. ಸುಮ್ನೆ, ಬಳೆಯ ಹಾಗೆ ಹೊಲಿದ ಪಟ್ಟಿಯಾದ ಒಂದು ಸ್ಲಿಂಗ್‌ನಲ್ಲಿ ಸಿಕ್ಕಿಸಿದರೆ, ಭಾರ ಬಿದ್ದ ಮೇಲೆ ಬಿಚ್ಚಲು ಆಗುವುದಿಲ್ಲ. 7 ಮಿ.ಮೀ. ದಪ್ಪದ ಉದ್ದನೆಯ ದಾರ ತಗೊಳ್ಳಿ. ಅದರಿಂದ ಬ್ಯಾಗನ್ನು ಆಂಕರ್‌ಗೆ ಮುಂಟರ್ ಮ್ಯೂಲ್ ಗಂಟಿನಲ್ಲಿ ಕಟ್ಟಿ, ಬಾಲಕ್ಕೆ ಇನ್ನೊಂದು ಗಂಟು ಹಾಕಿ. ಭಾರ ಇದ್ದಾಗಲೂ ನಿಧಾನವಾಗಿ ಸಡಿಲ ಬಿಡಲು ಬರುವ ಗಂಟು ಇದು. ಜೊತೆಗೆ ಒಂದು ಸ್ಲಿಂಗ್ ಬೆಂಬಲಕ್ಕಿರಲಿ. ಬ್ಯಾಗಿನ ತಲೆಗೆ ಸೇದುವ ಹಗ್ಗ ಕಟ್ಟಿ. ಅದು ಹಿಗ್ಗದ ಸ್ಟ್ಯಾಟಿಕ್ ಹಗ್ಗ ಆಗಿರಬೇಕು. ಇಲ್ಲದಿದ್ದರೆ ನೀವು ಎಳೆದದ್ದರಲ್ಲಿ ಅರ್ಧ ಹಗ್ಗ ಹಿಗ್ಗುವುದಕ್ಕೇ ಹೋಗುತ್ತದೆ. ಇನ್ನೊಂದು ತುದಿಯನ್ನು ಹಾರ್ನೆಸ್‌ನ ಹಿಂದೆ ಸಿಕ್ಕಿಸಿಕೊಂಡು ಹತ್ತಿ.

ಮೇಲೆ ತಲುಪಿದ ಮೇಲೆ

ಮೊದಲು ನಿಮ್ಮನ್ನು ಆಂಕರ್‌ಗೆ ಕಟ್ಟಿಕೊಳ್ಳಿ. ನಂತರ ಲೀಡ್ ಹಗ್ಗವನ್ನು, ಅಂದರೆ ನೀವು ಹತ್ತಿ ಬಂದ ಹಗ್ಗವನ್ನು, ಎರಡು ಮಾರು ಸಡಿಲ ಉಳಿಸಿ ಆಂಕರ್‌ಗೆ ಬಿಗಿಯಿರಿ. ಬಿಗಿಯಾಗಿದ್ದರೆ ಅದರ ಮೇಲೆ ಇಳಿಯಲು ಆಗದು. ಸೇದುವ ಹಗ್ಗಕ್ಕೆ ಬೇರೆಯೇ ಕ್ಯಾರಬೀನರ್ (ತೆರೆದು ಮುಚ್ಚುವ ಲೋಹದ ಕೊಂಡಿ) ಇರಲಿ. ಅದಕ್ಕೆ ಹಲ್ಲಿರುವ ರಾಟೆ ಹಾಕಿ. ಈ ರಾಟೆ ಎಳೆದ ಹಗ್ಗವನ್ನು ಹಿಂದಕ್ಕೆ ಬಿಡುವುದಿಲ್ಲ. ಸಡಿಲವನ್ನೆಲ್ಲ ಎಳೆದುಕೊಳ್ಳಿ. ರಾಟೆಯ ಈಚೆ ಹಗ್ಗಕ್ಕೆ ಗಂಟು ಹಾಕಿ, ಅದನ್ನೂ ಆಂಕರ್‌ಗೆ ಸಿಕ್ಕಿಸಿ. ಹಲ್ಲುಗಳನ್ನೇ ನಂಬಿ ಕೆಳಗಿಳಿಯಬೇಡಿ.

ಲೀಡ್ ಹಗ್ಗದ ಮೇಲೆ ಇಳಿಯಿರಿ. ಪಿಚ್ ನೇರವಾಗಿದ್ದರೆ ಇಳಿಯುತ್ತಲೇ ಗೇರ್ ಬಿಚ್ಚಿಕೊಳ್ಳಬಹುದು. ಓರೆಯಾಗಿ ಸಾಗಿದ್ದರೆ ಅಥವಾ ಬಂಡೆ ಹೊರಚಾಚಿದ್ದರೆ ಹಾಗೇ ಬಿಡಿ, ವಾಪಸ್ ಹತ್ತುವಾಗ ತೆಗೆಯಿರಿ.

ಕೆಳಗಿನ ಐದು ನಿಮಿಷ

ಸೇದುವುದು ಸಲೀಸಾಗುತ್ತದೋ ಇಲ್ಲವೋ ಅನ್ನುವುದು ಇಲ್ಲಿಯೇ ತೀರ್ಮಾನವಾಗುತ್ತದೆ. ನಾನಿದನ್ನು ಕಲಿತದ್ದು ಸಾವನದುರ್ಗದಲ್ಲಿ. ಬೆಳಿಗ್ಗೆಯ ಬಿಸಿಲು ಏರುತ್ತಿತ್ತು. ಕೆಳಗೆ ಮುಂಟರ್ ಗಂಟು ಬಿಚ್ಚಿ, ದಾರ ಸುತ್ತಿ, ಎಲ್ಲ ಸರಿ ಅಂದುಕೊಂಡು ಜುಮಾರ್‌ನಲ್ಲಿ 40 ಮೀಟರ್ ಹತ್ತಿದೆ. ಎಳೆದರೆ ಬ್ಯಾಗ್ ಕದಲಲಿಲ್ಲ. ಇನ್ನೂ ಜೋರಾಗಿ ಎಳೆದೆ. ಬಗ್ಗಿ ನೋಡಿದಾಗ ಬೆಂಬಲಕ್ಕೆ ಹಾಕಿದ ಕೆಂಪು ಸ್ಲಿಂಗ್ ಆಂಕರ್‌ನಿಂದ ಬ್ಯಾಗಿಗೆ ತಂತಿಯ ಹಾಗೆ ಬಿಗಿದು ನಿಂತಿತ್ತು. ಮತ್ತೆ 40 ಮೀಟರ್ ಇಳಿದೆ. ಕೈ ನಡುಗುತ್ತಿತ್ತು. ಆಯಾಸದಲ್ಲಿ ಎರಡನೇ ಸಲ ಇಳಿಯುವಾಗಲೇ ತಪ್ಪುಗಳಾಗುವುದು, ಅಲ್ವಾ?

ಹಾಗಾಗಿ ಕ್ರಮ ತಪ್ಪಿಸಬೇಡಿ. ನಿಮ್ಮನ್ನು ಆಂಕರ್‌ಗೆ ಕಟ್ಟಿಕೊಳ್ಳಿ. ಮೊದಲು ಬೆಂಬಲದ ಸ್ಲಿಂಗ್ ತೆಗೆಯಿರಿ. ಮುಂಟರ್ ಗಂಟಿನಿಂದ ದಾರವನ್ನು ನಿಧಾನವಾಗಿ ಬಿಡಿ, ಸೇದುವ ಹಗ್ಗಕ್ಕೆ ಪೂರ್ತಿ ಭಾರ ಬರುವವರೆಗೆ. ಪಿಚ್ ಓರೆಯಾಗಿದ್ದರೆ ಬ್ಯಾಗ್ ಪಕ್ಕಕ್ಕೆ ಜಾರಿ ಹೋಗುತ್ತದೆ. ದಾರ ಉದ್ದ ಇರಬೇಕಾದದ್ದು ಇದಕ್ಕೇ. ಥಟ್ಟನೆ ಬಿಟ್ಟರೆ ಬ್ಯಾಗ್ ಬೀಸಿ ಬಂಡೆಗೆ ಬಡಿಯುತ್ತದೆ. ಆಮೇಲೆ ದಾರವನ್ನು ಸುತ್ತಿ ಬ್ಯಾಗಿನೊಳಗೆ ತುರುಕಿ. ನೇತಾಡುವ ಬಾಲ ಯಾವುದಾದರೂ ಬಿರುಕಿಗೆ ಸಿಕ್ಕಿಕೊಳ್ಳುತ್ತದೆ. ಕೊನೆಗೆ ಆಂಕರ್‌ನಿಂದ ಬ್ಯಾಗಿನವರೆಗೆ ಕೈಯಾಡಿಸಿ ನೋಡಿ. ಕಣ್ಣಿಗೆ ಕಾಣದ್ದು ಕೈಗೆ ಸಿಗುತ್ತದೆ. ಈಗ ಎರಡೂ ಜುಮಾರ್ ಲೀಡ್ ಹಗ್ಗಕ್ಕೆ ಹಾಕಿ, ಆಗಾಗ ಗಂಟು ಹಾಕಿ ಹಾರ್ನೆಸ್‌ಗೆ ಸಿಕ್ಕಿಸುತ್ತಾ ಹತ್ತಿ.

ಸೇದುವುದು

ಬ್ಯಾಗ್ ಹಗುರವಾಗಿದ್ದರೆ ರಾಟೆಯ ಈಚೆಯ ಹಗ್ಗಕ್ಕೆ ಜುಮಾರ್ ಹಾಕಿ, ಅದನ್ನು ಹಾರ್ನೆಸ್‌ಗೆ ಸೇರಿಸಿ, ಕುಳಿತು ಏಳುತ್ತಾ ಮೈಭಾರದಿಂದಲೇ ಎಳೆಯಬಹುದು. ತೋಳಿನಿಂದ ಎಳೆದರೆ ಎರಡು ಪಿಚ್‌ಗೇ ಸುಸ್ತು. ಭಾರ ಜಾಸ್ತಿ ಇದ್ದರೆ ಇನ್ನೊಂದು ರಾಟೆ ಸೇರಿಸಿ ಮೂರಕ್ಕೊಂದರ ವ್ಯವಸ್ಥೆ ಮಾಡಿ. ಮೂರು ಮೀಟರ್ ಎಳೆದರೆ ಬ್ಯಾಗ್ ಒಂದು ಮೀಟರ್ ಏರುತ್ತದೆ. ನಿಧಾನ, ಆದರೆ ಸೊಂಟ ಉಳಿಯುತ್ತದೆ. ಎಳೆಯುವಾಗಲೂ ನೀವು ಆಂಕರ್‌ಗೆ ಕಟ್ಟಿಕೊಂಡೇ ಇರಬೇಕು. ಕೆಲವು ಮೀಟರ್‌ಗೊಮ್ಮೆ ಈಚೆಯ ಹಗ್ಗಕ್ಕೆ ಹೊಸ ಗಂಟು ಹಾಕಿ ಆಂಕರ್‌ಗೆ ಸಿಕ್ಕಿಸಿ.

ಬ್ಯಾಗ್ ನಿಂತುಬಿಟ್ಟರೆ ಬಲ ಹಾಕಬೇಡಿ. ಮೂರಕ್ಕೊಂದರ ವ್ಯವಸ್ಥೆಯಲ್ಲಿ ನಿಮ್ಮ ಕೈಗೆ ಗೊತ್ತಾಗದಷ್ಟು ಎಳೆತ ಹಗ್ಗದ ಮೇಲೆ, ಬ್ಯಾಗಿನ ಪಟ್ಟಿಯ ಮೇಲೆ ಬೀಳುತ್ತಿರುತ್ತದೆ. ಒಂದಷ್ಟು ಕೆಳಗೆ ಬಿಟ್ಟು, ಹಗ್ಗ ಅಲ್ಲಾಡಿಸಿ, ಮತ್ತೆ ಎಳೆದು ನೋಡಿ. ಆಗಲೂ ಬರದಿದ್ದರೆ ಇಳಿಯಲೇಬೇಕು. ಬ್ಯಾಗ್ ಮೇಲೆ ಬರುವವರೆಗೆ ಲೀಡ್ ಹಗ್ಗವನ್ನು ಬಿಚ್ಚಬಾರದು ಅನ್ನುವುದು ಇದಕ್ಕಾಗಿಯೇ.

ನಮ್ಮ ಕಡೆಯ ಬಂಡೆಗಳ ಬಗ್ಗೆ ಎರಡು ಮಾತು. ಸಾವನದುರ್ಗದಂಥ ಇಳಿಜಾರು ಬಂಡೆಯಲ್ಲಿ ಬ್ಯಾಗ್ ನೇತಾಡುವುದಿಲ್ಲ, ಉಜ್ಜಿಕೊಂಡು ಬರುತ್ತದೆ. ಬಟ್ಟೆ ಹರಿಯುತ್ತದೆ, ಶ್ರಮ ದುಪ್ಪಟ್ಟಾಗುತ್ತದೆ. ಅಲ್ಲಿ ಒಂದು ದಿನದ ಸಾಮಾನಾದರೆ ಚಿಕ್ಕ ಚೀಲ ಬೆನ್ನಿಗಿರಲಿ. ಸೇದುವುದನ್ನು ಅಭ್ಯಾಸ ಮಾಡಲು ಕಡಿದಾದ ಬಂಡೆ ಹುಡುಕಿ. ಇನ್ನೊಂದು, ಹೆಜ್ಜೇನು. ರಾಮನಗರ, ಸಾವನದುರ್ಗದ ಬಂಡೆಗಳಲ್ಲಿ ಗೂಡು ಕಟ್ಟುತ್ತವೆ. ಬ್ಯಾಗ್ ಬರುವ ದಾರಿಯಲ್ಲಿ, ಅಕ್ಕಪಕ್ಕದಲ್ಲಿ ಗೂಡು ಕಂಡರೆ ಆ ದಿನ ಆ ಮಾರ್ಗ ಬೇಡ. ಸಡಿಲ ಕಲ್ಲುಗಳೂ ಹಾಗೆಯೇ. ಹಗ್ಗ ಉಜ್ಜಿ ಉರುಳಿಸಿದ ಕಲ್ಲು ಕೆಳಗೆ ನಿಂತವರ ತಲೆಗೆ ಬೀಳಬಹುದು.

ಬ್ಯಾಗ್ ಕೈಗೆಟಕುವಷ್ಟು ಹತ್ತಿರ ಬಂತು ಅಂದರೆ ಎಳೆಯುವುದು ನಿಲ್ಲಿಸಿ. ಗಂಟು ರಾಟೆಗೆ ಸಿಕ್ಕಿಕೊಂಡರೆ ಬಿಡಿಸುವುದು ತಲೆನೋವು. ಅದೇ 7 ಮಿ.ಮೀ. ದಾರ ಹೊರತೆಗೆದು ಮುಂಟರ್ ಮ್ಯೂಲ್‌ನಲ್ಲಿ ಆಂಕರ್‌ಗೆ ಕಟ್ಟಿ. ಬೆಂಬಲದ ಸ್ಲಿಂಗ್ ಹಾಕಿ. ಭಾರವನ್ನು ದಾರಕ್ಕೆ ಇಳಿಸಿ, ಅದು ಹಿಡಿದಿದೆ ಅಂತ ನೋಡಿದ ಮೇಲೆ ಮಾತ್ರ ರಾಟೆ ತೆಗೆಯಿರಿ. ಒಂದು ಗುಟುಕು ನೀರು ಕುಡಿಯಿರಿ. ಆಮೇಲೆ ಲೀಡ್ ಹಗ್ಗ ಬಿಡಿಸಿ, ಮುಂದಿನ ಪಿಚ್‌ಗೆ ಸುತ್ತಿಡಿ.