ಹಣ್ಣಿನ ಮರದ ಕೆಳಗೆ ಮಂಗಟ್ಟೆಗಾಗಿ ಕಾಯುವ ಕ್ರಮ

ದಾಂಡೇಲಿಗೆ ಕ್ಯಾಮೆರಾ ಹಿಡಿದು ಬರುವ ಹಲವರು ಮೊದಲು ಕೇಳುವುದು ಮಂಗಟ್ಟೆಯ (ಹಾರ್ನ್‌ಬಿಲ್ ಹಕ್ಕಿಯ) ಗೂಡು ಎಲ್ಲಿದೆ ಎಂದು. ಪಶ್ಚಿಮ ಘಟ್ಟದ ನಾಲ್ಕೂ ಜಾತಿಯ ಮಂಗಟ್ಟೆಗಳು ಇಲ್ಲಿವೆ. ಕಾಳಿ ನದಿಯ ಆಸುಪಾಸಿನ ಕಾಡಿನ ಒಂದಷ್ಟು ಭಾಗವನ್ನು 2011ರಲ್ಲಿ ಇವುಗಳಿಗೆಂದೇ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಆದರೂ ಗೂಡನ್ನು ಹುಡುಕಬೇಡಿ ಎಂಬುದೇ ನನ್ನ ಮೊದಲ ಸೂಚನೆ.

ಮಂಗಟ್ಟೆ ಮರಕುಟಿಗದಂತೆ ತಾನೇ ಪೊಟರೆ ಕೊರೆಯಲಾರದು. ಹಳೆಯ ಹೆಮ್ಮರಗಳಲ್ಲಿ ತಾನಾಗಿ ಆದ ಪೊಟರೆಯೇ ಅದಕ್ಕೆ ಬೇಕು. ಬೇಸಿಗೆಯ ಹೊತ್ತಿಗೆ ಹೆಣ್ಣು ಅದರೊಳಗೆ ಸೇರಿ, ಕೊಕ್ಕು ತೂರುವಷ್ಟು ಸೀಳನ್ನು ಮಾತ್ರ ಉಳಿಸಿ ಪೊಟರೆಯ ಬಾಯಿಯನ್ನು ಮೆತ್ತಿಕೊಳ್ಳುತ್ತದೆ. ಒಳಗಿರುವಾಗ ಅದರ ಹಾರುವ ಗರಿಗಳೂ ಉದುರುವುದರಿಂದ, ತಾಯಿಗೂ ಮರಿಗಳಿಗೂ ವಾರಗಟ್ಟಲೆ ಗಂಡು ತರುವ ಹಣ್ಣೇ ಆಧಾರ. ಮರದ ಬುಡದಲ್ಲಿ ನಾಲ್ಕು ಜನ ಟ್ರೈಪಾಡ್ ಊರಿ ನಿಂತರೆ ಆ ಗಂಡು ಗಂಟಲಿನ ತುಂಬ ಹಣ್ಣಿಟ್ಟುಕೊಂಡು ದೂರದ ಕೊಂಬೆಯಲ್ಲೇ ಕುಳಿತುಬಿಡಬಹುದು. ಹಾಗೆ ಪಡೆದ ಚಿತ್ರ ಎಷ್ಟೇ ಸ್ಪಷ್ಟವಾಗಿರಲಿ, ಅದನ್ನು ನೋಡಲು ನನಗೆ ಮನಸ್ಸಾಗುವುದಿಲ್ಲ.

ಬದಲಾಗಿ ಹಣ್ಣಾದ ಆಲ, ಗೋಣಿ, ಬಸರಿ ಅಥವಾ ಅತ್ತಿಯ ಮರ ಎಲ್ಲಿದೆಯೆಂದು ಸ್ಥಳೀಯ ಮಾರ್ಗದರ್ಶಕರನ್ನು ಕೇಳಿ. ಇವೆಲ್ಲ ಒಂದೇ ಕಾಲಕ್ಕೆ ಹಣ್ಣಾಗುವುದಿಲ್ಲವಾದ್ದರಿಂದ, ಉಳಿದ ಮರಗಳು ಬರಿದಾಗಿರುವ ದಿನಗಳಲ್ಲಿ ಮಂಗಟ್ಟೆಗಳಿಗೆ ಇವೇ ಆಸರೆ. ಅನುಮತಿಯಿರುವ ಜಾಗದಲ್ಲಿ, ಸೂರ್ಯ ಬೆನ್ನ ಹಿಂದೆ ಬರುವಂತೆ, ಬೆಳಕು ಹರಿಯುವ ಮುನ್ನವೇ ಕುಳಿತುಬಿಡಿ. ದೊಡ್ಡ ಮಂಗಟ್ಟೆ ಕಣ್ಣಿಗೆ ಬೀಳುವ ಮೊದಲೇ ಅದರ ರೆಕ್ಕೆಯ ಭಾರವಾದ ಸದ್ದು ಕೇಳಿಸುತ್ತದೆ. ಕ್ಯಾಮೆರಾ ಎತ್ತಲು ಅಷ್ಟು ಸಮಯ ಸಾಕು.

400 ಮಿ.ಮೀ. ಲೆನ್ಸ್ ಸಾಕಾಗುತ್ತದೆ. ಕುಳಿತ ಹಕ್ಕಿಗೆ ಶಟರ್ ವೇಗ ಸೆಕೆಂಡಿನ 1/500, ಹಾರುವಾಗ 1/2000 ಇರಲಿ. ಮುಂಜಾನೆಯ ಮಬ್ಬಿನಲ್ಲಿ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸಂವೇದನೆಯನ್ನು, 1600ಕ್ಕೆ ಏರಿಸಲು ಅಂಜಬೇಡಿ. ಕಷ್ಟವಿರುವುದು ಕಪ್ಪು–ಬಿಳುಪು ಗರಿಗಳಲ್ಲಿ. ಹಿಂದೆ ಬೆಳ್ಳಗಿನ ಆಕಾಶವಿದ್ದರೆ ಹಕ್ಕಿ ಬರೀ ನೆರಳಿನಂತಾಗುವುದರಿಂದ ಎಕ್ಸ್‌ಪೋಶರನ್ನು (ಚಿತ್ರಕ್ಕೆ ಸೇರುವ ಬೆಳಕನ್ನು) ಒಂದು ಸ್ಟಾಪ್, ಅಂದರೆ ಎರಡು ಪಟ್ಟಿಗೆ, ಹೆಚ್ಚಿಸಿ. ಹಿಂದೆ ದಟ್ಟ ಎಲೆಗಳಿದ್ದರೆ ಬಿಳಿ ಗರಿಗಳ ವಿವರ ಅಳಿಸಿಹೋಗದಂತೆ ಸ್ವಲ್ಪ ತಗ್ಗಿಸಿ. ಹತ್ತಿರದ ಚಿತ್ರಗಳು ಸಿಕ್ಕ ಮೇಲೆ ಸಾಧಾರಣ ಲೆನ್ಸಿನಿಂದ ಇಡೀ ಮರವನ್ನೂ ಒಮ್ಮೆ ತೆಗೆಯಿರಿ. ಹಣ್ಣು ನುಂಗಿ ಬೀಜವನ್ನು ದೂರ ದೂರ ಬಿತ್ತುವ ಈ ಹಕ್ಕಿಯನ್ನು ಅದರ ಮರದೊಡನೆ ತೋರಿಸುವ ಚಿತ್ರಗಳು ತೀರ ಕಡಿಮೆ.

ಫ್ಲ್ಯಾಶ್ ಬೇಡ, ಹಕ್ಕಿಯ ಕೂಗನ್ನು ಮೊಬೈಲಿನಲ್ಲಿ ಕೇಳಿಸಿ ಕರೆಯುವುದೂ ಬೇಡ. ಆಕಸ್ಮಿಕವಾಗಿ ಗೂಡು ಕಂಡರೆ ಸದ್ದಿಲ್ಲದೆ ಹಿಂದಿರುಗಿ ಅರಣ್ಯ ಸಿಬ್ಬಂದಿಗೆ ಮಾತ್ರ ತಿಳಿಸಿ, ಮತ್ತು ಯಾವುದೇ ಚಿತ್ರವನ್ನು ಹಂಚಿಕೊಳ್ಳುವ ಮುನ್ನ ಅದರಲ್ಲಿ ಸೇರಿಕೊಂಡಿರುವ ಜಿಪಿಎಸ್ ಮಾಹಿತಿಯನ್ನು ಅಳಿಸಿಹಾಕಿ.