ಮೇ ತಿಂಗಳ ಕೆಲಸಕ್ಕೆ ಒಂದು ಸಲಹೆ

ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಮನೆಯಿಂದಲೇ ದುಡಿಯುವವರೂ ಇದೇ ಸಮಯ ಹಿಡಿಯಿರಿ. ತಲೆ ಬೇಕಾಗುವ ಲೆಕ್ಕ, ಬರವಣಿಗೆ ಎಲ್ಲವನ್ನೂ ಹತ್ತರೊಳಗೆ ಮುಗಿಸಿ. ಮಧ್ಯಾಹ್ನದ ಮೇಲೆ ಫ್ಯಾನ್ ಬೀಸುವುದೂ ಬಿಸಿಗಾಳಿಯೇ. ಆ ಹೊತ್ತಿನಲ್ಲಿ ಹಟಕ್ಕೆ ಬಿದ್ದು ಕೂತರೆ ಮರುದಿನ ತಿದ್ದುವ ಕೆಲಸವಷ್ಟೇ ಹೆಚ್ಚುತ್ತದೆ.

ಅಡುಗೆಮನೆಯಲ್ಲೂ ಹಾಗೆಯೇ. ಖಡಕ್ ರೊಟ್ಟಿಯನ್ನು ಒಮ್ಮೆಗೇ ಹೆಚ್ಚು ಬಡಿದು ಪೂರ್ತಿ ಒಣಗಿಸಿ, ಬಟ್ಟೆಯಲ್ಲಿ ಸುತ್ತಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ ಹಿಂಡಿ (ಚಟ್ನಿಪುಡಿ), ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ ಇದ್ದರೆ ಊಟವಾಯಿತು. ಒಲೆ ಹಚ್ಚುವ ಮಾತೇ ಇಲ್ಲ. (ಹಿಂಡಿಗೆ ಬೆಳ್ಳುಳ್ಳಿ ಕಡಿಮೆ ಹಾಕುವವರೊಡನೆ ನನ್ನದು ಹಳೆಯ ಜಗಳ.)

ವಿಚಿತ್ರ ಸುದ್ದಿಗಳ ಫಾರ್ವರ್ಡ್ ಬಂದರೆ ಸಂಜೆಗೆ ಎತ್ತಿಡಿ, ಅರ್ಧದಷ್ಟು ಅಷ್ಟರಲ್ಲೇ ಸುಳ್ಳಾಗಿರುತ್ತವೆ. ನಿಜವಾದ ವಿಚಿತ್ರ ಬೇಕೆಂದರೆ ಕಲಬುರಗಿಯಲ್ಲಿ ಮೇ 9ರ ಆಸುಪಾಸು ಮಧ್ಯಾಹ್ನ 12.20ರ ಸುಮಾರಿಗೆ ಅಂಗಳದಲ್ಲಿ ಒಂದು ಕೋಲು ನೆಟ್ಟಗೆ ನಿಲ್ಲಿಸಿ: ಸೂರ್ಯ ನೆತ್ತಿಯ ಮೇಲೆ ಬಂದು ನೆರಳು ಮಾಯವಾಗುತ್ತದೆ. ಮಕ್ಕಳಿಗೆ ಪುಕ್ಕಟೆ ಮನರಂಜನೆ. ತಲೆಗೆ ಟವೆಲ್ ಮಾತ್ರ ಮರೆಯಬೇಡಿ.