ಐವತ್ತು ದಾಟಿದವರಿಗೆ ಒಗ್ಗುವಂತೆ ಕೆಲಸದ ಜಾಗ ಸರಿಮಾಡುವುದು

ಮೈಸೂರಿನ ಅಗರಬತ್ತಿ ಪ್ಯಾಕಿಂಗ್ ಇರಲಿ, ಮಂಡ್ಯ ಕಡೆಯ ಗಾರ್ಮೆಂಟ್ಸ್ ಇರಲಿ, ಕೈಚಳಕ ಕುಗ್ಗುವ ಮೊದಲೇ ಕಣ್ಣು, ಮಂಡಿ, ಸೊಂಟ ತಕರಾರು ಶುರುಮಾಡುತ್ತವೆ.

ಮೊದಲು ಕಣ್ಣು ನೋಡಿ. ಓದುವ ಕನ್ನಡಕ ಸಾಮಾನ್ಯವಾಗಿ 35–40 ಸೆಂ.ಮೀ. ದೂರಕ್ಕೆ ಹೊಂದಿಸಿದ್ದು. ಹೊಲಿಗೆ ಸೂಜಿ ಅದಕ್ಕಿಂತ ದೂರದಲ್ಲಿದ್ದರೆ ದಾರ ಮಸುಕಾಗುತ್ತದೆ, ಕತ್ತು ತಾನಾಗಿ ಮುಂದಕ್ಕೆ ಬಾಗುತ್ತದೆ, ಸಂಜೆಗೆ ಭುಜ ಹಿಡಿದುಕೊಳ್ಳುತ್ತದೆ. ಕೆಲಸಗಾರರು ಕೂತ ಭಂಗಿಯಲ್ಲೇ ಕಣ್ಣಿನಿಂದ ಸೂಜಿಗೆ ಟೇಪ್ ಹಿಡಿದು ಅಳೆಯಿರಿ. ಆ ಅಳತೆಯನ್ನು ಚೀಟಿಯಲ್ಲಿ ಬರೆದುಕೊಟ್ಟೇ ಕಣ್ಣು ಪರೀಕ್ಷೆಗೆ ಕಳಿಸಿ. ಬೈಫೋಕಲ್ (ಮೇಲೆ ದೂರ ನೋಡಲು, ಕೆಳಗೆ ಓದಲು ಗಾಜಿರುವ ಕನ್ನಡಕ) ಹಾಕಿದವರಿಗೆ ಕೆಳಗಿನ ಗಾಜಿನಲ್ಲಿ ಮೆಟ್ಟಿಲಂಚು ಕಲಸಿ ಕಾಣುತ್ತದೆ. ಅಂಚಿಗೆ 5 ಸೆಂ.ಮೀ. ಹಳದಿ ಪಟ್ಟಿ ಬಳಿಸಿ. ಹಾಲ್ ತುಂಬ ಟ್ಯೂಬ್‌ಲೈಟ್ ಹಾಕಿಸುವುದಕ್ಕಿಂತ ಮೇಜಿಗೊಂದು ಪಕ್ಕದಿಂದ ಬೀಳುವ ಎಲ್‌ಇಡಿ ದೀಪ ಮೇಲು.

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಪ್ಯಾಕಿಂಗ್ ಮಾಡಿಸುವುದನ್ನು ನಿಲ್ಲಿಸಿ. ಪಾದ ನೆಲಕ್ಕೆ ಪೂರ್ತಿ ತಾಗುವ, ಸುಮಾರು 40–45 ಸೆಂ.ಮೀ. ಎತ್ತರದ ಕುರ್ಚಿ, ಮೊಣಕೈ ಮಟ್ಟದ ಮೇಜು ಸಾಕು. ಅರ್ಧ ಗಂಟೆಗೊಮ್ಮೆ ಎರಡು ನಿಮಿಷ ಎದ್ದು ನಿಲ್ಲಲಿ. 25 ಕೆ.ಜಿ. ಚೀಲವನ್ನು 10 ಕೆ.ಜಿ. ಕ್ರೇಟುಗಳಿಗೆ ಹಂಚಿ, ನೆಲದಲ್ಲಿಡದೆ ಸೊಂಟದೆತ್ತರದ ತಳ್ಳುಗಾಡಿಯಲ್ಲಿಡಿ.

ಟಾಯ್ಲೆಟ್‌ಗೆ ಟೋಕನ್ ಪದ್ಧತಿ ಇದ್ದರೆ ಇವತ್ತೇ ಕಿತ್ತುಹಾಕಿ. ಅದಕ್ಕೆ ಹೆದರಿ ಹೆಂಗಸರು ನೀರೇ ಕುಡಿಯದೆ ಕೂರುತ್ತಾರೆ, ಉರಿಮೂತ್ರ ತಂದುಕೊಳ್ಳುತ್ತಾರೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರ ಊಟವನ್ನು ಟಾರ್ಗೆಟ್ ನೆಪದಲ್ಲಿ ಮುಂದೂಡಬೇಡಿ. ಊಟ ತಡವಾದರೆ ಅವರ ರಕ್ತದ ಸಕ್ಕರೆ ತೀರಾ ಕುಸಿಯಬಹುದು. ಬೆವರು, ನಡುಕ ಕಂಡರೆ ತಕ್ಷಣ ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿಸಿ, 15 ನಿಮಿಷ ಕೂರಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ.